ಕಾಡ್, ಹ್ಯಾಡಕ್, ಕೋಲಿ, ಪೊಲಾಕ್: ಯಾವ ಅಡುಗೆಗೆ ಯಾವ ಮೀನು?

ಲಂಡನ್, ಬಾಸ್ಟನ್, ಫ್ರಾಂಕ್‌ಫರ್ಟ್, ಓಸ್ಲೋ ಕಡೆ ನೆಲೆಸಿರುವ ಕನ್ನಡಿಗರಿಗೆ ಅಂಗಡಿಯಲ್ಲಿ ಅಂಜಲ್, ಬಂಗುಡೆ, ಕಾಣೆ ಸುಲಭಕ್ಕೆ ಸಿಗುವುದಿಲ್ಲ. ಸಿಗುವುದು ಐಸಿನ ಮೇಲೆ ಸಾಲಾಗಿ ಮಲಗಿಸಿದ ಬಿಳಿ ಫಿಲೆಟ್‌ಗಳು. ನೋಡಲು ಎಲ್ಲವೂ ಒಂದೇ ಥರ, ಚೀಟಿಯಲ್ಲಿ ಮಾತ್ರ ಬೇರೆ ಬೇರೆ ಹೆಸರು, ಬೇರೆ ಬೇರೆ ಬೆಲೆ. ಅವುಗಳಲ್ಲಿ ಹೆಚ್ಚಿನವು ಕಾಡ್ ಕುಟುಂಬದವು. ಹೆಸರು ಕೇಳಿದ್ದೇನೆ ಎಂಬ ಕಾರಣಕ್ಕೆ ಎಲ್ಲ ಅಡುಗೆಗೂ ಕಾಡನ್ನೇ ಕೊಂಡು, ಸಾರಿನಲ್ಲಿ ಅದು ಪುಡಿಪುಡಿಯಾದಾಗ ಮೀನನ್ನೇ ಬೈಯುವುದು ಸಾಮಾನ್ಯ. ತಪ್ಪು ಮೀನಿನದಲ್ಲ, ಆಯ್ಕೆಯದು.

ತೀರ್ಪನ್ನು ಮೊದಲೇ ಹೇಳಿಬಿಡೋಣ. ಖಾರದ ಸಾರಿಗೆ ಕೋಲಿ ಅಥವಾ ಲಿಂಗ್. ರವಾ ಫ್ರೈಗೆ ಹ್ಯಾಡಕ್. ಕಟ್ಲೆಟ್ಟಿಗೆ ಅಲಾಸ್ಕಾ ಪೊಲಾಕ್. ಕಾಡಿಗೆ ಹೆಚ್ಚು ದುಡ್ಡು ಕೊಡುವುದಾದರೆ ದಪ್ಪ ತುಂಡನ್ನು ಓವನ್ನಿನಲ್ಲಿ ಬೇಯಿಸುವಾಗ ಮಾತ್ರ ಕೊಡಿ. ಉಳಿದ ಕಡೆ ಆ ದುಡ್ಡು ಮಸಾಲೆಯಲ್ಲಿ ಕರಗಿಹೋಗುತ್ತದೆ.

ಕುಟುಂಬದೊಳಗೆ ಯಾರು, ಹೊರಗೆ ಯಾರು

ಗ್ಯಾಡಿಡೇ ಎಂಬ ಈ ಕುಟುಂಬ ಬಹುಪಾಲು ಉತ್ತರದ ತಣ್ಣನೆಯ ಸಮುದ್ರಗಳದ್ದು. ಅರಬ್ಬೀ ಸಮುದ್ರದಲ್ಲಿ ಇದರ ಒಂದು ಮೀನೂ ಇಲ್ಲ. ಅಟ್ಲಾಂಟಿಕ್ ಕಾಡ್, ಪೆಸಿಫಿಕ್ ಕಾಡ್, ಅಲಾಸ್ಕಾ ಪೊಲಾಕ್ ಈ ಮೂರೂ ಗೇಡಸ್ ಎಂಬ ಒಂದೇ ಕುಲದವು. ಅಲಾಸ್ಕಾ ಪೊಲಾಕನ್ನು ಮೊದಲು ಬೇರೆ ಕುಲದಲ್ಲಿ ಇಟ್ಟಿದ್ದರು, ಆಮೇಲೆ ಕಾಡಿನ ಪಕ್ಕಕ್ಕೇ ತಂದರು. ಅಂದರೆ ಫಿಶ್ ಫಿಂಗರಿನ ಅಗ್ಗದ ಮೀನು ಕಾಡಿನ ಹತ್ತಿರದ ನೆಂಟನೇ. ಹ್ಯಾಡಕ್, ವೈಟಿಂಗ್, ಕೋಲಿ, ಯುರೋಪಿನ ಪೊಲಾಕ್ ಕೂಡ ಇದೇ ಕುಟುಂಬದವು. ಲಿಂಗ್, ಟಸ್ಕ್, ಹೇಕ್ ಪಕ್ಕದ ಕುಟುಂಬಗಳವು. ಅಡುಗೆಮನೆಯಲ್ಲಿ ಸ್ವಭಾವ ಹೆಚ್ಚುಕಡಿಮೆ ಒಂದೇ ಆದ್ದರಿಂದ ಅವನ್ನೂ ಇಲ್ಲಿ ಸೇರಿಸಿದ್ದೇವೆ.

ಕಾಡ್ ಎಂಬ ಹೆಸರು ಹೊತ್ತು ಸಂಬಂಧವೇ ಇಲ್ಲದ ಮೀನುಗಳೂ ಇವೆ. ಜಪಾನೀ ಹೋಟೆಲುಗಳ ಬ್ಲ್ಯಾಕ್ ಕಾಡ್ ನಿಜವಾಗಿ ಸೇಬಲ್‌ಫಿಶ್. ಅದರ ಮಾಂಸದಲ್ಲಿ ಕೊಬ್ಬು ತುಂಬಿರುತ್ತದೆ, ಬಾಯಲ್ಲಿ ಬೆಣ್ಣೆಯಂತೆ ಕರಗುತ್ತದೆ. ಕಾಡಿನ ಪಾಕವಿಧಾನಕ್ಕೆ ಅದನ್ನು ಹಾಕಿದರೆ ಎಣ್ಣೆ ತೇಲುತ್ತದೆ. ಅಮೆರಿಕದ ಪಶ್ಚಿಮ ಕರಾವಳಿಯ ಲಿಂಗ್‌ಕಾಡ್ ಇತ್ತ ಲಿಂಗೂ ಅಲ್ಲ, ಅತ್ತ ಕಾಡೂ ಅಲ್ಲ. ಆಸ್ಟ್ರೇಲಿಯಾದ ಮರ್ರೆ ಕಾಡ್ ಹೊಳೆಮೀನು.

ಇಡೀ ಮೀನು ಕಂಡಾಗ ಗುರುತು ಹಿಡಿಯುವುದು

ಬಂದರಿನ ಅಂಗಡಿಯಲ್ಲಿ ಇಡೀ ಮೀನು ಸಿಕ್ಕರೆ ಮೋಸ ಹೋಗುವ ಭಯವಿಲ್ಲ. ಬೆನ್ನಿನ ಮೇಲೆ ಮೂರು ರೆಕ್ಕೆ, ಹೊಟ್ಟೆಯ ಕೆಳಗೆ ಹಿಂಭಾಗದಲ್ಲಿ ಎರಡು ರೆಕ್ಕೆ ಇದ್ದರೆ ಅದು ಈ ಕುಟುಂಬದ್ದು. ಲಿಂಗ್ ಮತ್ತು ಹೇಕಿಗೆ ಬೆನ್ನಿನ ಮೇಲೆ ಎರಡೇ. ಆಮೇಲೆ ಪಕ್ಕೆಯ ಮೇಲೆ ಕಿವಿರಿನಿಂದ ಬಾಲದವರೆಗೆ ಹೋಗುವ ಗೆರೆಯನ್ನು ನೋಡಿ. ಕಾಡಿನ ಗೆರೆ ಬಿಳಿ, ಗದ್ದದ ಕೆಳಗೆ ಒಂದು ಮೀಸೆ, ಮೈಮೇಲೆ ಕಂದು ಚುಕ್ಕೆಗಳು. ಹ್ಯಾಡಕ್ಕಿನ ಗೆರೆ ಕಪ್ಪು, ಎದೆಯ ರೆಕ್ಕೆಯ ಮೇಲ್ಗಡೆ ಹೆಬ್ಬೆರಳು ಒತ್ತಿದಂಥ ಕಪ್ಪು ಮಚ್ಚೆ. ಯುರೋಪಿನಲ್ಲಿ ಇದನ್ನು ಸಂತ ಪೀಟರನ ಹೆಬ್ಬೆರಳ ಗುರುತು ಎನ್ನುತ್ತಾರೆ. ಚರ್ಮ ಸಹಿತ ಫಿಲೆಟ್ಟಿನಲ್ಲೂ ಈ ಮಚ್ಚೆ ಉಳಿಯುತ್ತದೆ, ಕಾಡ್ ಹ್ಯಾಡಕ್ ಪಕ್ಕಪಕ್ಕ ಇದ್ದಾಗ ಬೇರ್ಪಡಿಸಲು ಇಷ್ಟೇ ಸಾಕು.

ಕೋಲಿಯ ಗೆರೆ ಬಿಳಿಯದು, ಬಾಲದವರೆಗೂ ನೆಟ್ಟಗೆ ಹೋಗುತ್ತದೆ. ಯುರೋಪಿನ ಪೊಲಾಕಿನದು ಗಾಢ ಬಣ್ಣದ್ದು, ಎದೆಯ ರೆಕ್ಕೆಯ ಮೇಲೆ ಕಮಾನಿನಂತೆ ಬಾಗುತ್ತದೆ, ಕೆಳದವಡೆ ಮುಂದಕ್ಕೆ ಚಾಚಿರುತ್ತದೆ. ವೈಟಿಂಗ್ ಚಿಕ್ಕದು, ಎದೆಯ ರೆಕ್ಕೆಯ ಬುಡದಲ್ಲಿ ಸಣ್ಣ ಕಪ್ಪು ಚುಕ್ಕೆ.

ಚೀಟಿಯಲ್ಲಿರುವ ಹೆಸರು

ಗೊಂದಲ ಹೆಚ್ಚು ಆಗುವುದು ಕೋಲಿ ಮತ್ತು ಪೊಲಾಕಿನ ವಿಷಯದಲ್ಲಿ. ಬ್ರಿಟನ್ನಿನವರು ಕೋಲಿ ಅಥವಾ ಸೇತ್ ಎನ್ನುವ ಮೀನನ್ನೇ ಅಮೆರಿಕದ ಪೂರ್ವ ಕರಾವಳಿಯವರು ಪೊಲಾಕ್ ಎನ್ನುತ್ತಾರೆ. ಅಲ್ಲಿ ಪೆಟ್ಟಿಗೆಯ ಮೇಲೆ ಅಲಾಸ್ಕಾ ಪೊಲಾಕ್ ಎಂದಿದ್ದರೆ ಅದು ಬೇರೆ ಮೀನು, ಮತ್ತು 2016ರಿಂದ ಅಮೆರಿಕದಲ್ಲಿ ಆ ಹೆಸರನ್ನು ಅಲಾಸ್ಕಾದ ನೀರಿನಲ್ಲಿ ಹಿಡಿದದ್ದಕ್ಕೆ ಮಾತ್ರ ಬಳಸಬಹುದು. ರಷ್ಯಾದ ಕಡೆ ಹಿಡಿದದ್ದಾದರೆ ಬರೀ ಪೊಲಾಕ್ ಎಂದಿರುತ್ತದೆ. ಬಾಸ್ಟನ್ ಸುತ್ತಮುತ್ತ ಸ್ಕ್ರಾಡ್ ಎಂದು ಬರೆದಿದ್ದರೆ ಅದು ಒಂದು ಜಾತಿಯ ಹೆಸರಲ್ಲ, ಎಳೆಯ ಕಾಡೋ ಹ್ಯಾಡಕ್ಕೋ ಇರುತ್ತದೆ. ಯಾವುದೆಂದು ಕೇಳಿ ಕೊಳ್ಳಿ.

ಜರ್ಮನಿಯಲ್ಲಿ ಕಾಬೆಲ್‌ಯಾವ್ ಎಂದರೆ ಕಾಡ್. ಬಾಲ್ಟಿಕ್ ಸಮುದ್ರದ ಕಾಡಿಗೆ ಡಾರ್ಶ್ ಎಂಬ ಹೆಸರು. ಜೇಲಾಕ್ಸ್ ಎಂದರೆ ಕೋಲಿ, ಅಲಾಸ್ಕಾ-ಜೇಲಾಕ್ಸ್ ಎಂದರೆ ಅಲಾಸ್ಕಾ ಪೊಲಾಕ್. ಎರಡಕ್ಕೂ ಸಾಲ್ಮನ್ನಿಗೂ ಯಾವ ನಂಟೂ ಇಲ್ಲ. ಕೆಂಪು ಬಣ್ಣ ಹಾಕಿ ಎಣ್ಣೆಯಲ್ಲಿಟ್ಟು ಡಬ್ಬಿಯಲ್ಲಿ ಮಾರುವ ಜೇಲಾಕ್ಸ್ ಚೂರುಗಳು ಹೊಗೆ ಹಾಕಿದ ಸಾಲ್ಮನ್ನಿನ ಬದಲಿ ಎಂದೇ ಹುಟ್ಟಿಕೊಂಡವು. ನಾರ್ವೆಯಲ್ಲಿ ಟೊರ್ಸ್ಕ್ ಕಾಡ್, ಸೈ ಕೋಲಿ, ಹೀಸೆ ಹ್ಯಾಡಕ್, ಲಾಂಗೆ ಲಿಂಗ್. ಸ್ವೀಡನ್ನಿನಲ್ಲಿ ಹ್ಯಾಡಕ್ಕಿಗೆ ಕೋಲ್ಯಾ ಎನ್ನುತ್ತಾರೆ, ಬ್ರಿಟನ್ನಿನ ಕೋಲಿ ಎಂದುಕೊಂಡು ಏಮಾರಬೇಡಿ. ಸಂಶಯ ಬಂದರೆ ಚೀಟಿಯ ಲ್ಯಾಟಿನ್ ಹೆಸರು ನೋಡಿ. ಯುರೋಪಿನಲ್ಲಿ ಅದನ್ನು ಗ್ರಾಹಕರಿಗೆ ತಿಳಿಸುವುದು ಕಡ್ಡಾಯ. ಗೇಡಸ್ ಮೊರ್ಹುವಾ ಎಂದಿದ್ದರೆ ಅಟ್ಲಾಂಟಿಕ್ ಕಾಡ್, ಪೊಲಾಕಿಯಸ್ ವೈರೆನ್ಸ್ ಎಂದಿದ್ದರೆ ಕೋಲಿ.

ಕಾಡ್: ದಪ್ಪಕ್ಕೆ ಕೊಡುವ ದುಡ್ಡು

ಕಾಡ್ ದೊಡ್ಡ ಮೀನು. ಎರಡು ಮೀಟರಿನವರೆಗೆ ಬೆಳೆಯಬಲ್ಲದು, ಅಂಗಡಿಗೆ ಬರುವವು ಸಾಮಾನ್ಯವಾಗಿ ಅದಕ್ಕಿಂತ ಬಹಳ ಚಿಕ್ಕವು. ಮೀನು ದೊಡ್ಡದಾದಷ್ಟೂ ಬೆನ್ನಿನ ತುಂಡು ದಪ್ಪ, ಬೆಂದಮೇಲೆ ಬಿಡಿಸಿಕೊಳ್ಳುವ ಎಸಳುಗಳೂ ಅಗಲ. ಕಾಡಿನ ಹೆಚ್ಚುಗಾರಿಕೆ ಇರುವುದು ಈ ಎಸಳಿನಲ್ಲಿ, ರುಚಿಯ ತೀಕ್ಷ್ಣತೆಯಲ್ಲಿ ಅಲ್ಲ. ಮಾಂಸದಲ್ಲಿ ಕೊಬ್ಬು ನೂರು ಗ್ರಾಮಿಗೆ ಒಂದು ಗ್ರಾಮಿಗೂ ಕಡಿಮೆ, ಪ್ರೋಟೀನ್ ಸುಮಾರು 18 ಗ್ರಾಂ. ಕಾಡ್ ತನ್ನ ಕೊಬ್ಬನ್ನೆಲ್ಲ ಲಿವರಿನಲ್ಲಿ ಕೂಡಿಡುತ್ತದೆ. ಹಾಗಾಗಿ ಬೂತಾಯಿ, ಬಂಗುಡೆಯಲ್ಲಿರುವ ಎಣ್ಣೆಯ ಪರಿಮಳವನ್ನು ಇದರಲ್ಲಿ ಹುಡುಕಿದರೆ ನಿರಾಸೆ. ಕರಾವಳಿಯ ಮೀನುಗಳಲ್ಲಿ ಇದರ ಹದಕ್ಕೆ ಸ್ವಲ್ಪ ಹತ್ತಿರ ಬರುವುದು ಕಾಣೆ. ಅದೂ ತೆಳ್ಳಗೆ, ಸಣ್ಣ ಎಸಳಿನದು.

ಕೊಳ್ಳುವಾಗ ಫಿಲೆಟ್ ಎಂದು ಕೇಳದೆ ಲಾಯಿನ್ ಎಂದು ಕೇಳಿ. ಫಿಲೆಟ್ಟಿನ ತಲೆಯ ಕಡೆಯ ಭಾಗದಲ್ಲಿ ನಡುವೆ ಸಣ್ಣ ಮುಳ್ಳುಗಳ ಸಾಲೊಂದು ಇರುತ್ತದೆ. ಲಾಯಿನ್ ಅದಕ್ಕಿಂತ ಮೇಲಿನ, ಬೆನ್ನಿನ ಭಾಗ. ಮುಳ್ಳಿರುವುದಿಲ್ಲ, ದಪ್ಪ ಒಂದೇ ಸಮ, ಮಕ್ಕಳಿಗೆ ಕೊಡಲು ಭಯವಿಲ್ಲ. ಬಾಲದ ಕಡೆಯ ತುಂಡು ಅಗ್ಗ, ಆದರೆ ಒಂದು ತುದಿ ಬೇಯುವಷ್ಟರಲ್ಲಿ ಇನ್ನೊಂದು ತುದಿ ಒಣಗಿರುತ್ತದೆ. ಬಾಲದ ತುಂಡೇ ಸಿಕ್ಕಿದರೆ ತೆಳು ತುದಿಯನ್ನು ಅಡಿಗೆ ಮಡಚಿ ದಪ್ಪ ಸರಿಮಾಡಿಕೊಳ್ಳಿ.

ಹಸಿ ಫಿಲೆಟ್ಟಿನಲ್ಲೇ ಎಸಳುಗಳ ನಡುವೆ ಬಿರುಕು ಬಿಟ್ಟಿದೆಯೇ ನೋಡಿ. ಚೆನ್ನಾಗಿ ತಿಂದು ಕೊಬ್ಬಿದ ಮೀನು ಸತ್ತಮೇಲೆ ಅದರ ಮಾಂಸದಲ್ಲಿ ಆಮ್ಲ ಹೆಚ್ಚುತ್ತದೆ, ಎಸಳುಗಳನ್ನು ಹಿಡಿದಿಟ್ಟ ತೆಳು ಪೊರೆ ಸೋಲುತ್ತದೆ. ಮೀನು ಸೆಟೆದಿರುವಾಗ ಎಳೆದಾಡಿದರೂ, ಬೆಚ್ಚಗೆ ಬಿಟ್ಟರೂ ಹೀಗೆಯೇ ಆಗುತ್ತದೆ. ಬಿರುಕು ಬಿಟ್ಟದ್ದು ಕೆಟ್ಟ ಮೀನೇನಲ್ಲ. ಆದರೆ ತವಾದ ಮೇಲೆ ಅದು ತುಂಡಾಗಿ ನಿಲ್ಲದು, ಕಟ್ಲೆಟ್ಟಿಗೋ ಸೂಪಿಗೋ ಸರಿ.

ಜನವರಿಯಿಂದ ಏಪ್ರಿಲಿನವರೆಗೆ ನಾರ್ವೆಯಿಂದ ಸ್ಕ್ರೈ ಎಂಬ ಕಾಡ್ ಬರುತ್ತದೆ. ಬ್ಯಾರೆಂಟ್ಸ್ ಸಮುದ್ರದಿಂದ ಲೋಫೋಟೆನ್ ದ್ವೀಪಗಳ ಕಡೆಗೆ ಮೊಟ್ಟೆಯಿಡಲು ನೂರಾರು ಮೈಲಿ ಈಜಿ ಬರುವ ಮೀನು ಇದು, ಈಜಿ ಈಜಿ ಮಾಂಸ ಗಟ್ಟಿಯಾಗಿರುತ್ತದೆ. ಸ್ಕ್ರೈ ಗುರುತಿನ ಚೀಟಿ ಇರಬೇಕಾದರೆ ಹಿಡಿದ 12 ಗಂಟೆಯೊಳಗೆ ಪ್ಯಾಕ್ ಆಗಿರಬೇಕೆಂಬ ನಿಯಮವಿದೆ. ಕಾಡಿಗೆ ಹೆಚ್ಚು ಬೆಲೆ ಕೊಡಲೇಬೇಕೆಂದಿದ್ದರೆ ಈ ತಿಂಗಳುಗಳಲ್ಲಿ ಕೊಡಿ. ಪೆಸಿಫಿಕ್ ಕಾಡಿನಲ್ಲಿ ನೀರಿನಂಶ ತುಸು ಹೆಚ್ಚು, ಉಳಿದಂತೆ ಬಳಕೆ ಒಂದೇ.

ಹ್ಯಾಡಕ್

ಹ್ಯಾಡಕ್ ಚಿಕ್ಕದು, ಒಂದೆರಡು ಕಿಲೋ. ಎಸಳು ಸಣ್ಣ, ಮಾಂಸ ತೆಳು, ರುಚಿ ಕಾಡಿಗಿಂತ ಸಿಹಿ. ಸ್ಕಾಟ್ಲೆಂಡಿನವರೂ ಯಾರ್ಕ್‌ಷೈರಿನವರೂ ಫಿಶ್ ಅಂಡ್ ಚಿಪ್ಸಿಗೆ ಇದನ್ನೇ ಕೇಳುತ್ತಾರೆ, ದಕ್ಷಿಣ ಇಂಗ್ಲೆಂಡಿನವರು ಕಾಡ್ ಬಿಡುವುದಿಲ್ಲ. ಈ ಜಗಳದಲ್ಲಿ ನಮ್ಮ ಓಟು ಉತ್ತರದವರಿಗೆ: ಕರಿಯುವುದಾದರೆ ತೆಳು ಮೀನೇ ಲೇಸು. ಹೊರಗಿನ ಹಿಟ್ಟು ಕೆಂಪಗಾಗುವ ಹೊತ್ತಿಗೆ ಒಳಗೂ ಸರಿಯಾಗಿ ಬೆಂದಿರುತ್ತದೆ. ನಮ್ಮ ರವಾ ಫ್ರೈಗೂ ಅದೇ ಕಾರಣಕ್ಕೆ ಹ್ಯಾಡಕ್ ಹೊಂದುತ್ತದೆ. ಒಂದು ಎಚ್ಚರಿಕೆ: ಎಷ್ಟೋ ಫಿಲೆಟ್‌ಗಳಲ್ಲಿ ನಡುಸಾಲಿನ ಮುಳ್ಳನ್ನು ತೆಗೆದಿರುವುದಿಲ್ಲ. ಬೆರಳನ್ನು ಬಾಲದಿಂದ ತಲೆಯ ಕಡೆಗೂ ಒಮ್ಮೆ, ತಲೆಯಿಂದ ಬಾಲದ ಕಡೆಗೂ ಒಮ್ಮೆ ಸವರಿ ನೋಡಿ. ಚುಚ್ಚಿದ ಕಡೆ ಚಿಮಟದಿಂದ ತಲೆಯ ದಿಕ್ಕಿಗೆ ಎಳೆದರೆ ಮಾಂಸ ಹರಿಯದೆ ಮುಳ್ಳು ಬರುತ್ತದೆ.

ಕೋಲಿ: ಮಸಾಲೆಗೆ ಒಗ್ಗುವ ಮೀನು

ಹಸಿಯಾಗಿದ್ದಾಗ ಕೋಲಿ ಬೂದು ಬಣ್ಣ. ಬೆಂದಮೇಲೆ ಬೆಳ್ಳಗಾಗುತ್ತದೆ, ಪೂರ್ತಿ ಅಲ್ಲದಿದ್ದರೂ ಬಹುಪಾಲು. ಈ ಬೂದು ಬಣ್ಣವನ್ನು ನೋಡಿ ಗಿರಾಕಿಗಳು ಮುಂದೆ ಹೋಗುತ್ತಾರೆ, ಅದರಿಂದಲೇ ಬೆಲೆ ಕಾಡಿಗಿಂತ ಬಹಳ ಕಡಿಮೆ. ಬ್ಯಾಡಗಿ ಮೆಣಸು, ಅರಿಸಿನ ಬಿದ್ದ ಸಾರಿನಲ್ಲಿ ಮೀನಿನ ಬಣ್ಣ ಯಾರಿಗೆ ಬೇಕು? ಇದರ ಮಾಂಸ ಕಾಡಿಗಿಂತ ಗಟ್ಟಿ, ರುಚಿಯೂ ಜೋರು. ತೆಂಗಿನಕಾಯಿ, ಹುಣಸೆ, ಬೆಳ್ಳುಳ್ಳಿಯ ನಡುವೆ ಕಾಡ್ ಇದ್ದೂ ಇಲ್ಲದಂತಾದರೆ ಕೋಲಿ ಮೀನಾಗಿಯೇ ಉಳಿಯುತ್ತದೆ.

ದೋಷವೂ ಇದೆ. ಚರ್ಮಕ್ಕೆ ತಾಗಿದಂತೆ ಫಿಲೆಟ್ಟಿನ ನಡುವೆ ಕಂದುಗೆಂಪು ಪಟ್ಟಿ ಇರುತ್ತದೆ. ಮೀನು ಹಳತಾದರೆ ಮೊದಲು ಕಮಟು ವಾಸನೆ ಬರುವುದು ಅಲ್ಲಿಂದ. ಮನೆಯಲ್ಲಿ ವಾಸನೆಗೆ ಮುಖ ಸಿಂಡರಿಸುವವರಿದ್ದರೆ ಚೂಪಾದ ಚಾಕುವಿನಿಂದ ಆ ಪಟ್ಟಿಯನ್ನು ಕೆತ್ತಿ ತೆಗೆಯಿರಿ. ಕೋಲಿಯನ್ನು ತಂದ ದಿನವೇ ಮಾಡಿ, ಇದು ಫ್ರಿಜ್ಜಿನಲ್ಲಿ ಕಾಯುವ ಮೀನಲ್ಲ.

ಯುರೋಪಿನ ಪೊಲಾಕ್ ಸಿಕ್ಕರೆ ಕೋಲಿಯ ಬದಲು ಧಾರಾಳವಾಗಿ ಕೊಳ್ಳಿ. ಬೆಳ್ಳಗಿರುತ್ತದೆ, ರುಚಿ ಮೃದು. ಲಿಂಗ್ ಇನ್ನೂ ಗಟ್ಟಿ, ಇಡೀ ಗುಂಪಿನಲ್ಲಿ ಸಾರಿನಲ್ಲಿ ಒಡೆಯದೆ ನಿಲ್ಲುವುದರಲ್ಲಿ ಇದರ ಮುಂದೆ ಬೇರೆ ಇಲ್ಲ. ಹೇಕ್ ಮೆತ್ತಗೆ, ಸ್ಪೇನಿನವರಿಗೆ ಪ್ರಾಣ. ಅದನ್ನು ಮೂಳೆ ಸಹಿತ ಅಡ್ಡ ಕತ್ತರಿಸಿದ ತುಂಡುಗಳಾಗಿಯೇ ತನ್ನಿ. ವೈಟಿಂಗ್ ತೀರ ತಾಜಾ ಇದ್ದರೆ ಮಾತ್ರ, ಇಲ್ಲವಾದರೆ ಹಿಂಜಿದ ಹತ್ತಿ.

ಅಲಾಸ್ಕಾ ಪೊಲಾಕ್

ಫಿಶ್ ಫಿಂಗರ್, ಬರ್ಗರಿನ ಮೀನು, ಏಡಿಯ ರುಚಿಯ ಕಡ್ಡಿ ಇವುಗಳ ಹಿಂದಿರುವುದು ಬಹುತೇಕ ಇದೇ. ಬೇರಿಂಗ್ ಸಮುದ್ರ, ಒಖೋಟ್ಸ್ಕ್ ಸಮುದ್ರಗಳಲ್ಲಿ ಹೇರಳ. ಜಗತ್ತಿನಲ್ಲಿ ಮನುಷ್ಯರು ತಿನ್ನಲೆಂದು ಹಿಡಿಯುವ ಮೀನುಗಳಲ್ಲಿ ಅತಿ ದೊಡ್ಡ ಪಾಲು ಇರುವ ಕೆಲವೇ ಜಾತಿಗಳಲ್ಲಿ ಒಂದು. ನುಣ್ಣಗೆ ಅರೆದು ತೊಳೆದ ಮಾಂಸದಿಂದ ಮಾಡುವ ಸುರಿಮಿಗೆ ಉತ್ತರದಲ್ಲಿ ಇದು ಮುಖ್ಯ ಕಚ್ಚಾವಸ್ತು. ಭಾರತದ ಪಶ್ಚಿಮ ಕರಾವಳಿಯ ಸುರಿಮಿ ಕಾರ್ಖಾನೆಗಳಲ್ಲಿ ಆ ಕೆಲಸ ಪಿಂಕ್ ಪರ್ಚಿನದು.

ಇದರಲ್ಲಿ ನೋಡಬೇಕಾದ್ದು ಒಂದೇ: ಎಷ್ಟು ಸಲ ಫ್ರೀಜ್ ಆಗಿದೆ? ಹಡಗಿನಲ್ಲೇ ಫಿಲೆಟ್ ಮಾಡಿ ಒಮ್ಮೆಗೇ ಫ್ರೀಜ್ ಮಾಡಿದ್ದು ಒಂದು ಬಗೆ. ತಲೆ ಕರುಳು ತೆಗೆದು ಫ್ರೀಜ್ ಮಾಡಿ, ಇನ್ನೊಂದು ದೇಶಕ್ಕೆ ಸಾಗಿಸಿ, ಅಲ್ಲಿ ಕರಗಿಸಿ ಫಿಲೆಟ್ ಮಾಡಿ, ಮತ್ತೆ ಫ್ರೀಜ್ ಮಾಡಿದ್ದು ಇನ್ನೊಂದು. ಎರಡನೆಯದು ಅಗ್ಗ. ಕರಗಿದಾಗ ನೀರು ಸುರಿಸುತ್ತದೆ, ಬೆಂದಾಗ ಹಿಟ್ಟಿನಂತಾಗುತ್ತದೆ. ಒಮ್ಮೆ ಫ್ರೀಜ್ ಮಾಡಿದವರು ಅದನ್ನು ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಹೇಳಿಕೊಂಡಿರುತ್ತಾರೆ. ಏನೂ ಹೇಳದ ಪೆಟ್ಟಿಗೆಯಾದರೆ ಎರಡು ಸಲ ಎಂದೇ ಭಾವಿಸಿ, ಕಟ್ಲೆಟ್ಟಿಗೆ ಇಟ್ಟುಕೊಳ್ಳಿ.

ತಾಜಾ ಮತ್ತು ಫ್ರೀಜ್: ಕೆಡುವುದು ಎಲ್ಲಿ

ತಾಜಾ ಎಂದು ಐಸಿನ ಮೇಲಿಟ್ಟ ಮೀನಿಗಿಂತ ಹಡಗಿನಲ್ಲೇ ಫ್ರೀಜ್ ಆದದ್ದು ಎಷ್ಟೋ ಸಲ ಮೇಲು. ಕೌಂಟರಿನ ಚೀಟಿಯಲ್ಲಿ "ಮೊದಲು ಫ್ರೀಜ್ ಆಗಿತ್ತು" ಎಂದು ಸಣ್ಣ ಅಕ್ಷರದಲ್ಲಿದ್ದರೆ ಆ ಕರಗಿಸಿದ ತುಂಡನ್ನು ಬಿಟ್ಟು, ಫ್ರೀಜರಿನಲ್ಲಿರುವುದನ್ನೇ ತಂದು ಮನೆಯಲ್ಲಿ ಕರಗಿಸಿ.

ಈ ಕುಟುಂಬದ ಮೀನುಗಳಿಗೆ ಫ್ರೀಜರಿನಲ್ಲಿ ಒಂದು ವಿಶೇಷ ಕಾಟವಿದೆ. ಸಮುದ್ರದ ಮೀನುಗಳ ಮಾಂಸದಲ್ಲಿ ಟ್ರೈಮೀಥೈಲಮೀನ್ ಆಕ್ಸೈಡ್ ಎಂಬ ವಸ್ತು ಇರುತ್ತದೆ. ಐಸಿನ ಮೇಲಿರುವಾಗ ಬ್ಯಾಕ್ಟೀರಿಯಾ ಅದನ್ನು ಟ್ರೈಮೀಥೈಲಮೀನ್ ಆಗಿ ಬದಲಾಯಿಸುತ್ತವೆ, ಹಳೇ ಮೀನಿನ ವಾಸನೆ ಅದೇ. ಹುಣಸೆ, ನಿಂಬೆಯ ಹುಳಿ ಬಿದ್ದರೆ ಅದು ಗಾಳಿಗೆ ಏಳದ ಲವಣವಾಗಿ ವಾಸನೆ ತಗ್ಗುತ್ತದೆ. ಫ್ರೀಜರಿನಲ್ಲಿ ಬ್ಯಾಕ್ಟೀರಿಯಾ ಸುಮ್ಮನಿರುತ್ತವೆ, ಆದರೆ ಕಾಡ್ ಕುಟುಂಬದ ಮೀನಿನ ಮಾಂಸದಲ್ಲೇ ಇರುವ ಒಂದು ಕಿಣ್ವ ಆ ವಸ್ತುವನ್ನು ಡೈಮೀಥೈಲಮೀನ್ ಮತ್ತು ಫಾರ್ಮಾಲ್ಡಿಹೈಡ್ ಆಗಿ ಒಡೆಯುತ್ತದೆ. ಫಾರ್ಮಾಲ್ಡಿಹೈಡ್ ಪ್ರೋಟೀನುಗಳನ್ನು ಒಂದಕ್ಕೊಂದು ಬಿಗಿಯುತ್ತದೆ. ಮೀನು ಸ್ಪಂಜಿನಂತಾಗುತ್ತದೆ, ಅಗಿದರೆ ಒಣ ನಾರು. ಮೈನಸ್ 5ರಿಂದ 10 ಡಿಗ್ರಿಯಷ್ಟು ಅರೆಬರೆ ತಣ್ಣಗಿರುವ ಫ್ರೀಜರಿನಲ್ಲಿ ಇದು ಬೇಗ ನಡೆಯುತ್ತದೆ, ಮೈನಸ್ 30ರಲ್ಲಿ ಬಹುತೇಕ ನಿಲ್ಲುತ್ತದೆ. ಮನೆಯ ಫ್ರೀಜರ್ ಮೈನಸ್ 18 ತೋರಿಸಿದರೂ ಬಾಗಿಲು ತೆಗೆದು ಹಾಕುವಾಗ ಏರಿಳಿಯುತ್ತದೆ. ಅದಕ್ಕೆ ಮೂರು ತಿಂಗಳೊಳಗೆ ಮುಗಿಸಿ. ಫಾರ್ಮಲಿನ್ (ನೀರಲ್ಲಿ ಕರಗಿಸಿದ ಫಾರ್ಮಾಲ್ಡಿಹೈಡ್) ಪತ್ತೆ ಮಾಡುವ ಕಾಗದದ ಪಟ್ಟಿಯನ್ನು ಇಂಥ ಹಳೇ ಫ್ರೀಜ್ ಮೀನಿಗೆ ಒತ್ತಿ ಗಾಬರಿಯಾಗುವುದಕ್ಕೂ ಮೊದಲು ಈ ವಿಷಯ ನೆನಪಿರಲಿ: ಯಾರೂ ಬೆರೆಸದಿದ್ದರೂ ಸ್ವಲ್ಪ ಇದ್ದೇ ಇರುತ್ತದೆ.

ಪೊಟ್ಟಣದ ಹಿಂಭಾಗ ಓದಿ. ಪದಾರ್ಥಗಳ ಪಟ್ಟಿಯಲ್ಲಿ ಮೀನು ಮಾತ್ರ ಇದ್ದರೆ ಒಳ್ಳೆಯದು. ನೀರು, ಉಪ್ಪು, ಇ 450, ಇ 451, ಇ 452 ಎಂದಿದ್ದರೆ ಪಾಲಿಫಾಸ್ಫೇಟಿನಲ್ಲಿ ನೆನೆಸಿ ನೀರು ಕುಡಿಸಿದ್ದಾರೆ. ಬಾಣಲೆಗೆ ಬಿದ್ದೊಡನೆ ಆ ನೀರು ಹೊರಬಂದು ಮೀನು ಹುರಿಯುವ ಬದಲು ಬೇಯುತ್ತದೆ, ರವೆ ಕಳಚಿ ಎಣ್ಣೆಯಲ್ಲಿ ತೇಲುತ್ತದೆ. ಫಿಲೆಟ್ಟಿನ ಮೇಲೆ ಹೊದಿಸಿದ ಐಸಿನ ತೂಕವನ್ನೂ ಮೀನಿನ ಲೆಕ್ಕಕ್ಕೆ ಸೇರಿಸುವುದುಂಟು. ಐಸ್ ಬಿಟ್ಟು ನಿವ್ವಳ ತೂಕ ಎಷ್ಟೆಂದು ನೋಡಿ, ಬೆಲೆಯನ್ನು ಅದರಿಂದ ಭಾಗಿಸಿ.

ಕರಗಿಸುವುದು ಫ್ರಿಜ್ಜಿನ ಕೆಳತಟ್ಟೆಯಲ್ಲಿ, ಜಾಲರಿಯ ಮೇಲೆ, ರಾತ್ರಿಯಿಡೀ. ನಿರ್ವಾತ ಪೊಟ್ಟಣವಾದರೆ ಕರಗಿಸುವ ಮೊದಲು ಕತ್ತರಿಯಿಂದ ಸೀಳಿ. ಗಾಳಿಯಿಲ್ಲದ ಕಡೆ ಫ್ರಿಜ್ಜಿನ ತಂಪಿನಲ್ಲೂ ಬೆಳೆದು ಮಾರಕ ವಿಷ ಬಿಡಬಲ್ಲ ಬಾಟುಲಿಸಮ್ ಬ್ಯಾಕ್ಟೀರಿಯಾದ ಒಂದು ಬಗೆ ಮೀನಿನಲ್ಲಿ ಇರಬಹುದು. ಬಿಸಿನೀರಿಗೆ ಹಾಕಬೇಡಿ, ಹೊರಗೆ ಬೆಂದು ಒಳಗೆ ಕಲ್ಲಾಗಿರುತ್ತದೆ.

ಹುಳುವಿನ ಮಾತೂ ಇಲ್ಲೇ ಮುಗಿಸೋಣ. ಹೊಟ್ಟೆಯ ಕಡೆಯ ಮಾಂಸದಲ್ಲಿ ಸುರುಳಿ ಸುತ್ತಿದ ಬಿಳಿ ಹುಳು ಅಥವಾ ಕಂದು ಬಣ್ಣದ ದಪ್ಪ ಹುಳು ಕಂಡರೆ ಅದು ಕೊಳೆತದ್ದರಿಂದ ಬಂದದ್ದಲ್ಲ. ಸೀಲ್, ತಿಮಿಂಗಿಲಗಳಿಂದ ಮೀನಿಗೆ ಬರುವ ಪರಾವಲಂಬಿ. ಚಾಕುವಿನ ತುದಿಯಿಂದ ತೆಗೆದು ಎಸೆಯಿರಿ. ಒಳಗಿನ ಬಿಸಿ 60 ಡಿಗ್ರಿ ದಾಟಿ ಒಂದು ನಿಮಿಷ ನಿಂತರೆ ಸಾಯುತ್ತದೆ. ಹಸಿಯಾಗಿ ತಿನ್ನುವುದಾದರೆ ಮೈನಸ್ 20ರಲ್ಲಿ 24 ಗಂಟೆ ಎಂಬುದು ಯುರೋಪಿನ ನಿಯಮ, ಅಮೆರಿಕದಲ್ಲಿ ಅದೇ ತಂಪಿನಲ್ಲಿ 7 ದಿನ. ಅಡುಗೆಗೆ ಹಾಕುವಷ್ಟು ನಿಂಬೆರಸ, ವಿನೆಗರ್, ಉಪ್ಪು ಇದನ್ನು ಕೊಲ್ಲುತ್ತವೆ ಎಂದು ನಂಬಬೇಡಿ.

ಒಲೆಯ ಮೇಲೆ

ಅಂಜಲಿನ ಲೆಕ್ಕದಲ್ಲಿ ಕಾಡನ್ನು ಬೇಯಿಸಿದರೆ ಕೆಡುತ್ತದೆ. ಎಸಳುಗಳನ್ನು ಹಿಡಿದಿಡುವ ಪೊರೆ ಈ ಮೀನುಗಳಲ್ಲಿ ತೆಳು, ಬಿಸಿ ತಾಗಿದೊಡನೆ ಕರಗುತ್ತದೆ. ಉಪ್ಪು ಇದಕ್ಕೆ ಪರಿಹಾರ. ಅರ್ಧ ಕಿಲೋ ಮೀನಿಗೆ ಒಂದು ಟೀ ಚಮಚ ಉಪ್ಪು ಸವರಿ 15ರಿಂದ 20 ನಿಮಿಷ ಬಿಟ್ಟು, ಒಸರಿದ ನೀರನ್ನು ಕಾಗದದಿಂದ ಒತ್ತಿ ತೆಗೆಯಿರಿ. ಹೊರಪದರ ಗಟ್ಟಿಯಾಗುತ್ತದೆ. ದಪ್ಪ ಲಾಯಿನಿಗೆ ಒಂದು ಲೀಟರ್ ತಣ್ಣೀರಿಗೆ 100 ಗ್ರಾಂ ಉಪ್ಪು ಕರಗಿಸಿ 10 ನಿಮಿಷ ಮುಳುಗಿಸಿದರೆ ಒಳಗಿನವರೆಗೂ ಹದ ಬರುತ್ತದೆ.

ಸಾರಿಗೆ ಕೋಲಿ ಅಥವಾ ಲಿಂಗನ್ನು ಚರ್ಮ ಬಿಡಿಸದೆ ನಾಲ್ಕು ಸೆಂಟಿಮೀಟರಿನ ತುಂಡು ಮಾಡಿ. ಮಸಾಲೆಯನ್ನು ಮೊದಲೇ ಹತ್ತು ನಿಮಿಷ ಕುದಿಸಿ ಹಸಿ ವಾಸನೆ ಕಳೆಯಿರಿ, ಹುಳಿ ಉಪ್ಪು ಸರಿನೋಡಿ. ಮೀನು ಬಿದ್ದಮೇಲೆ ಸರಿಮಾಡಲು ಸಮಯವಿಲ್ಲ. ಉರಿ ಸಣ್ಣ ಮಾಡಿ ತುಂಡುಗಳನ್ನು ಒಂದೇ ಪದರದಲ್ಲಿ ಇಳಿಸಿ, ಐದಾರು ನಿಮಿಷ. ಸೌಟು ಹಾಕಬೇಡಿ, ಪಾತ್ರೆಯ ಕಿವಿ ಹಿಡಿದು ಮೆಲ್ಲಗೆ ತಿರುಗಿಸಿ. ಒಲೆ ಆರಿಸಿ ಮುಚ್ಚಿ ಹತ್ತು ನಿಮಿಷ ಬಿಡಿ. ಬಂಗುಡೆಯ ಪುಳಿಮುಂಚಿ ಮರುದಿನ ಇನ್ನೂ ರುಚಿ ಎಂಬ ಲೆಕ್ಕ ಇಲ್ಲಿ ನಡೆಯದು. ಎರಡನೇ ಸಲ ಬಿಸಿಮಾಡಿದ ಕಾಡ್ ನಾರು. ನಾಳೆಗೂ ಬೇಕಾದರೆ ಗಸಿಯನ್ನು ಮಾತ್ರ ಹೆಚ್ಚು ಮಾಡಿಟ್ಟು, ಮೀನನ್ನು ಉಣ್ಣುವ ಹೊತ್ತಿಗೆ ಹಾಕಿ.

ಫಿಲೆಟ್ಟಿನ ಸಾರು ಸಪ್ಪೆ ಎಂಬ ದೂರು ನಿಜವೇ. ಮೂಳೆ ತಲೆ ಇಲ್ಲದೆ ರಸ ಎಲ್ಲಿಂದ ಬರಬೇಕು? ಮೀನಿನ ಕೌಂಟರಿನಲ್ಲಿ ಕಾಡಿನ ತಲೆ ಮತ್ತು ನಡುಮೂಳೆ ಕೇಳಿ, ಅಗ್ಗಕ್ಕೆ ಸಿಗುತ್ತದೆ. ಕಿವಿರು ಕಿತ್ತು, ರಕ್ತ ತೊಳೆದು, ಮುಳುಗುವಷ್ಟು ನೀರಿನಲ್ಲಿ 20 ನಿಮಿಷ ಕುದಿಸಿ ಸೋಸಿ, ಆ ನೀರಲ್ಲೇ ಮಸಾಲೆ ಕದಡಿ. ಇನ್ನೂ ಹೆಚ್ಚು ಕುದಿಸಿದರೆ ಕಹಿ. ಕಾಡಿನ ತಲೆಯ ಕೆನ್ನೆಯ ಮಾಂಸ ಲಾಯಿನಿಗಿಂತ ರುಚಿ, ಅದನ್ನು ಬೇರೆಯವರಿಗೆ ಬಿಡಬೇಡಿ.

ರವಾ ಫ್ರೈಗೆ ಒಂದೂವರೆ ಸೆಂಟಿಮೀಟರ್ ದಪ್ಪದ ಹ್ಯಾಡಕ್. ಉಪ್ಪು ಸವರಿ ಒತ್ತಿ ಒಣಗಿಸಿದ ಮೇಲೆಯೇ ಮಸಾಲೆ. ಮಸಾಲೆ ಗಟ್ಟಿಯಿರಲಿ, ಒಂದು ದೊಡ್ಡ ಚಮಚ ಅಕ್ಕಿಹಿಟ್ಟು ಸೇರಿದರೆ ಅಂಟು ಬರುತ್ತದೆ. ನಿಂಬೆರಸ ಹಾಕಿ ಗಂಟೆಗಟ್ಟಲೆ ಇಟ್ಟರೆ ಮೇಲ್ಪದರ ಹಿಟ್ಟಾಗುತ್ತದೆ, ಹತ್ತು ನಿಮಿಷ ಸಾಕು. ಕಬ್ಬಿಣದ ಕಾವಲಿ ಚೆನ್ನಾಗಿ ಕಾದಮೇಲೆ ಚರ್ಮದ ಕಡೆ ಕೆಳಗಾಗಿ ಮೂರು ನಿಮಿಷ, ಅಗಲ ಸಟ್ಟುಗದಿಂದ ಒಂದೇ ಸಲ ಮಗುಚಿ ಎರಡು ನಿಮಿಷ. ತಾನಾಗಿ ಕಾವಲಿ ಬಿಡುವ ಮೊದಲು ಎಬ್ಬಿಸಿದರೆ ಚರ್ಮ ಅಲ್ಲೇ ಉಳಿಯುತ್ತದೆ.

ಕಾಡಿನ ಲಾಯಿನ್ ಎರಡೂವರೆ ಸೆಂಟಿಮೀಟರ್ ದಪ್ಪದ್ದಾದರೆ 200 ಡಿಗ್ರಿ ಓವನ್ನಿನಲ್ಲಿ 10ರಿಂದ 12 ನಿಮಿಷ. ಚಾಕುವಿನ ತುದಿಯಿಂದ ನಡುವೆ ಬಿಡಿಸಿದರೆ ಎಸಳು ಜಾರಬೇಕು, ಗಾಜಿನಂಥ ಪಾರದರ್ಶಕ ಬಣ್ಣ ಹೋಗಿರಬೇಕು. ಮೇಲೆ ಬಿಳಿ ಮೊಸರಿನಂಥ ಹನಿಗಳು ಮೂಡಿದರೆ ಹೊತ್ತು ಮೀರಿದೆ ಎಂದರ್ಥ.

ಉಪ್ಪು ಹಾಕಿದ್ದು, ಒಣಗಿಸಿದ್ದು, ಹೊಗೆ ಹಾಕಿದ್ದು

ಲೋಫೋಟೆನ್ನಿನಲ್ಲಿ ಫೆಬ್ರುವರಿಯಿಂದ ಮೇವರೆಗೆ ಉಪ್ಪಿಲ್ಲದೆ ಚಳಿಗಾಳಿಗೆ ಒಣಗಿಸಿದ್ದು ಸ್ಟಾಕ್‌ಫಿಶ್, ಮರದಷ್ಟು ಗಟ್ಟಿ. ನೀರಲ್ಲಿ ಐದರಿಂದ ಏಳು ದಿನ ನೆನೆಯಬೇಕು. ಉಪ್ಪು ಹಾಕಿ ಒಣಗಿಸಿದ್ದು ಪೋರ್ಚುಗೀಸರ ಬಕಲ್ಯಾವ್. ಗೋವಾದ ಕ್ರೈಸ್ತ ಮನೆಗಳ ಹಬ್ಬದಡುಗೆಗೆ ಅದು ಬಂದದ್ದು ಆ ದಾರಿಯಿಂದಲೇ. ಮೇಲಿನ ಉಪ್ಪು ತೊಳೆದು, ಚರ್ಮ ಮೇಲಾಗಿ ಫ್ರಿಜ್ಜಿನಲ್ಲಿ ತಣ್ಣೀರಿನಲ್ಲಿಡಿ. ಉಪ್ಪು ಕೆಳಗಿಳಿಯಲು ಅಡಿಯಲ್ಲಿ ಜಾಲರಿ ಇರಲಿ. ಆರೆಂಟು ಗಂಟೆಗೊಮ್ಮೆ ನೀರು ಬದಲಿಸುತ್ತ ತೆಳು ತುಂಡಿಗೆ 24 ಗಂಟೆ, ದಪ್ಪಕ್ಕೆ 48. ದಪ್ಪ ಕಡೆಯಿಂದ ಒಂದು ಚೂರು ಹಸಿಯಾಗಿಯೇ ನಾಲಿಗೆಗಿಟ್ಟು ಉಗಿದು ನೋಡಿ: ಸಾಂಬಾರಿಗಿಂತ ಉಪ್ಪಿದ್ದರೆ ಇನ್ನೊಂದು ನೀರು. ಕೆರಿಬಿಯನ್ ಅಂಗಡಿಗಳ ಅಗ್ಗದ ಸಾಲ್ಟ್‌ಫಿಶ್ ಹೆಚ್ಚಾಗಿ ಕೋಲಿ ಅಥವಾ ಪೊಲಾಕ್. ಒಣಮೀನಿನ ಚಟ್ನಿ, ಪಲ್ಯಕ್ಕೆ ಅದು ಸಾಕು, ಬಕಲ್ಯಾವಿನ ಬೆಲೆ ಬೇಡ.

ಹೊಗೆಗೆ ಹ್ಯಾಡಕ್. ಅರ್ಬ್ರೋತ್ ಸ್ಮೋಕಿ ಬಿಸಿ ಹೊಗೆಯಲ್ಲಿ ಬೆಂದದ್ದು, ಹಾಗೆಯೇ ತಿನ್ನಬಹುದು. ಫಿನನ್ ಹ್ಯಾಡಿ ತಣ್ಣನೆ ಹೊಗೆಯದು, ಬೇಯಿಸಲೇಬೇಕು. ಕಣ್ಣು ಕುಕ್ಕುವ ಹಳದಿಯದು ಬಣ್ಣ ಹಾಕಿದ್ದು, ಮಾಸಲು ಕೆನೆಬಣ್ಣದ್ದನ್ನು ಆರಿಸಿ. ನಮ್ಮ ಕಿಚಡಿ ಬ್ರಿಟಿಷರ ಕೈಗೆ ಸಿಕ್ಕು ಕೆಜರಿ ಆದಾಗ ಅನ್ನದ ಜೊತೆ ಸೇರಿದ್ದು ಇದೇ ಮೀನು.

ಕಾಡ್ ಲಿವರ್ ಎಣ್ಣೆಯಲ್ಲಿ ಎ ಮತ್ತು ಡಿ ಜೀವಸತ್ವ ಹೆಚ್ಚು. ಎ ಹೆಚ್ಚಾದರೆ ಹೊಟ್ಟೆಯಲ್ಲಿರುವ ಮಗುವಿಗೆ ಅಪಾಯವಿರುವುದರಿಂದ ಗರ್ಭಿಣಿಯರು ಆ ಎಣ್ಣೆಯನ್ನು ಬಿಡಬೇಕೆಂದು ಬ್ರಿಟನ್ನಿನ ಆರೋಗ್ಯ ಸೇವೆ ಹೇಳುತ್ತದೆ. ಮೀನಿನ ಮಾಂಸಕ್ಕೆ ಆ ತೊಂದರೆಯಿಲ್ಲ, ಜೊತೆಗೆ ಕಾಡ್, ಹ್ಯಾಡಕ್, ಪೊಲಾಕ್, ಹೇಕ್ ಎಲ್ಲವೂ ಪಾದರಸ ಕಡಿಮೆಯಿರುವ ಉತ್ತಮ ಆಯ್ಕೆಗಳ ಸಾಲಿನಲ್ಲಿ ಅಮೆರಿಕದ ಪಟ್ಟಿಯಲ್ಲಿವೆ.

ಎಲ್ಲಿ ಹಿಡಿದದ್ದು ಎಂದು ಕೇಳಬೇಕಾದ ಕಾರಣ

ನ್ಯೂಫೌಂಡ್‌ಲ್ಯಾಂಡ್ ಕರಾವಳಿಯಲ್ಲಿ ಶತಮಾನಗಳ ಕಾಲ ಹಿಡಿದ ಕಾಡ್ ಸಂಪತ್ತು ಕುಸಿದು 1992ರ ಜುಲೈನಲ್ಲಿ ಕೆನಡಾ ಅಲ್ಲಿ ವಾಣಿಜ್ಯ ಮೀನುಗಾರಿಕೆಯನ್ನೇ ನಿಲ್ಲಿಸಿತು. ಆ ನಿಷೇಧ ಮುಗಿದದ್ದು 2024ರಲ್ಲಿ, ಅದೂ ಆ ವರ್ಷಕ್ಕೆ 18,000 ಟನ್ನಿನ ಸಣ್ಣ ಮಿತಿಯೊಂದಿಗೆ. ಉತ್ತರ ಸಮುದ್ರದ ಕಾಡಿಗೆ 2017ರಲ್ಲಿ ಸಿಕ್ಕಿದ್ದ, ಮೀನಿನ ಸಂತತಿ ಬರಿದಾಗದಂತೆ ಹಿಡಿದದ್ದು ಎಂದು ಸೂಚಿಸುವ ಎಂಎಸ್‌ಸಿ ನೀಲಿ ಚೀಟಿ 2019ರಲ್ಲಿ ಅಮಾನತಾಯಿತು. ಪೂರ್ವ ಬಾಲ್ಟಿಕ್‌ನಲ್ಲಿ 2019ರಿಂದ ಕಾಡಿಗೆಂದೇ ಬಲೆ ಬೀಸುವಂತಿಲ್ಲ. ಬ್ಯಾರೆಂಟ್ಸ್ ಸಮುದ್ರ ಇನ್ನೂ ದೊಡ್ಡ ಕಣಜವೇ, ಆದರೆ ನಾರ್ವೆ ಮತ್ತು ರಷ್ಯಾ 2025ಕ್ಕೆ ಒಪ್ಪಿಕೊಂಡ ಮಿತಿ 3,40,000 ಟನ್, ಹಿಂದಿನ ವರ್ಷಕ್ಕಿಂತ ನಾಲ್ಕನೇ ಒಂದು ಪಾಲು ಕಡಿಮೆ. ಕಾಡಿನ ಬೆಲೆ ಏರಿದ್ದಕ್ಕೆ ಇದೇ ಮುಖ್ಯ ಕಾರಣ. ಚೀಟಿಯಲ್ಲಿ ಹಿಡಿದ ಪ್ರದೇಶ ನೋಡಿ ಕೊಳ್ಳಿ, ಮತ್ತು ವಾರದ ಸಾರಿಗೆ ಕೋಲಿಯನ್ನು ಆರಿಸಲು ಇದು ಇನ್ನೊಂದು ಕಾರಣ.

ಊರಿಗೆ ಬಂದಾಗ ಮಂಗಳೂರು ಕಡೆಯ ಅಂಗಡಿಯಲ್ಲಿ ರೀಫ್ ಕಾಡ್ ಎಂಬ ಫಲಕ ಕಂಡರೆ ಅದು ಮುರು ಮೀನು, ಗ್ರೂಪರ್ ಜಾತಿಯದು. ಮೇಲೆ ಹೇಳಿದ ಐದಾರು ನಿಮಿಷದ ಲೆಕ್ಕ ಅದಕ್ಕಿಲ್ಲ, ಗಟ್ಟಿ ಮಾಂಸವಾದ್ದರಿಂದ ಇನ್ನಷ್ಟು ಹೊತ್ತು ಬೇಯಬೇಕು. ಬೆಂಗಳೂರಿನ ಹೋಟೆಲುಗಳ ಫಿಶ್ ಅಂಡ್ ಚಿಪ್ಸ್ ಎಷ್ಟೋ ಕಡೆ ಬಾಸಾ, ಸಿಹಿನೀರಿನಲ್ಲಿ ಸಾಕಿದ ಮೀನು. ಮುರಿದಾಗ ಅಗಲ ಎಸಳಾಗಿ ಬಿಡಿಸಿಕೊಳ್ಳದೆ ಮೆತ್ತಗೆ ಒಂದೇ ಮುದ್ದೆಯಾಗಿ ಬಂದರೆ ಮೆನುವಿನಲ್ಲಿ ಕಾಡ್ ಎಂದಿದ್ದರೂ ಒಮ್ಮೆ ಕೇಳಿ ನೋಡಿ.